ಒಡೆದ ಹಿಮ್ಮಡಿಗೆ ಮೊದಲು ನೀರು, ಅದರ ಮೇಲೆ ಎಣ್ಣೆ

ಮಾನ್ಯ ಸಂಪಾದಕರೇ,

ಎಳ್ಳಮಾವಾಸ್ಯೆಯ ಚರಗ ಚೆಲ್ಲುವುದು ಮುಗಿದು ತೊಗರಿ ರಾಶಿಯ ಕೆಲಸ ಭರದಿಂದ ಸಾಗಿರುವ ಈ ದಿನಗಳಲ್ಲಿ ಕಲಬುರಗಿ ಜಿಲ್ಲೆಯ ಯಾವ ಹಳ್ಳಿಯ ಕಣಕ್ಕೆ ಹೋಗಿ ನಿಂತರೂ, ಅಲ್ಲಿ ದುಡಿಯುವ ಹೆಣ್ಣುಮಕ್ಕಳ ಹಿಮ್ಮಡಿಗಳು ಬೇಸಿಗೆಯ ಎರೆಹೊಲದಂತೆ ಬಾಯಿ ಬಿಟ್ಟಿರುವುದು ಕಾಣುತ್ತದೆ. ಕಳೆದ ವಾರ ನಗರದ ಔಷಧಿ ಅಂಗಡಿಯೊಂದರ ಮುಂದೆ ನಾನು ನಿಂತಿದ್ದಾಗ ಅರವತ್ತು ದಾಟಿದ ತಾಯಿಯೊಬ್ಬರು ಬಂದು, "ಕಾಲ್ ಒಡದು ರಗತ ಬರ್ಲತ್ತದ, ಏನರೆ ಹಚ್ಚಲಾಕ ಕೊಡ್ರಿ" ಎಂದು ಕೇಳಿದರು. ಅಂಗಡಿಯವರು ವೈದ್ಯರ ಚೀಟಿ ಕೇಳಲಿಲ್ಲ, ಸಕ್ಕರೆ ಕಾಯಿಲೆ ಇದೆಯೇ ಎಂದು ವಿಚಾರಿಸಲಿಲ್ಲ, ಸ್ಟಿರಾಯ್ಡ್ ಬೆರೆತ ಮುಲಾಮಿನ ಟ್ಯೂಬೊಂದನ್ನು ಕೊಟ್ಟು ಕಳಿಸಿದರು. ಪಕ್ಕದಲ್ಲಿದ್ದ ಯುವಕನೊಬ್ಬ, "ನೀರು ಜಾಸ್ತಿ ಕುಡೀರಿ ಅಮ್ಮಾ, ತಾನೇ ಹೋಗ್ತದ" ಎಂದು ಸಮಾಧಾನ ಹೇಳಿದ. ಇಬ್ಬರ ಮನಸ್ಸಿನಲ್ಲೂ ಕೆಟ್ಟದ್ದೇನೂ ಇರಲಿಲ್ಲ, ಆದರೆ ಆ ಮುಲಾಮಾಗಲಿ ಆ ಮಾತಾಗಲಿ ಆಕೆಯ ಹಿಮ್ಮಡಿಗೆ ಒದಗುವಂಥದ್ದಲ್ಲ. ಈ ಪತ್ರ ಬರೆಯಲು ಅದೇ ಕಾರಣ.

ರಾಷ್ಟ್ರೀಯ ಕುಷ್ಠರೋಗ ನಿರ್ಮೂಲನಾ ಕಾರ್ಯಕ್ರಮ 1983ರಲ್ಲಿ ಆರಂಭವಾದ ಕೆಲವೇ ವರ್ಷಗಳಲ್ಲಿ ನಾನು ಆರೋಗ್ಯ ಇಲಾಖೆಯ ಸೇವೆಗೆ ಸೇರಿ, ಚಿತ್ತಾಪುರ ಮತ್ತು ಸೇಡಂ ತಾಲ್ಲೂಕುಗಳ ಹಳ್ಳಿಗಳಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಚರ್ಮ ಏಕೆ ಒಣಗುತ್ತದೆ, ಅದನ್ನು ಹೇಗೆ ಕಾಯಬೇಕು ಎಂಬುದನ್ನು ನಾನು ಕಲಿತದ್ದು ಕುಷ್ಠರೋಗದಿಂದ ಗುಣಮುಖರಾದವರ ಪಾದಗಳಿಂದ. ಅವರಿಗೆ ಹೇಳಿಕೊಟ್ಟ ವಿದ್ಯೆಯನ್ನು ಉಳಿದ ಮನೆಗಳಿಗೆ ನಾವು ಹೇಳದೆಯೇ ಬಿಟ್ಟೆವು ಎಂಬ ಕೊರಗು ನನ್ನಲ್ಲಿ ಇಂದಿಗೂ ಇದೆ.

ಚರ್ಮದ ಅತಿ ಹೊರಗಿನ ಪದರವು ಸತ್ತ ಜೀವಕೋಶಗಳಿಂದ ಆದದ್ದು. ಅವು ಹದಿನೈದು ಇಪ್ಪತ್ತು ಸಾಲುಗಳಲ್ಲಿ ಒಂದರ ಮೇಲೊಂದು ಕೂತಿರುತ್ತವೆ. ಅಷ್ಟೂ ಸೇರಿದರೆ ದಪ್ಪ ಒಂದು ಮಿಲಿಮೀಟರಿನ ಐವತ್ತನೇ ಒಂದು ಭಾಗವನ್ನು ಮೀರುವುದು ಕಡಿಮೆ. ಅಂಗೈ ಮತ್ತು ಅಂಗಾಲುಗಳಲ್ಲಿ ಮಾತ್ರ ಅದು ಬಹಳ ದಪ್ಪ. ನಮ್ಮ ಕೋಟೆಯ ಗೋಡೆಯನ್ನು ನೆನೆದರೆ ಇದರ ರಚನೆ ತಿಳಿಯುತ್ತದೆ. ಕೋಶಗಳು ಕಲ್ಲುಗಳಾದರೆ, ಅವುಗಳ ಸಂದಿನಲ್ಲಿ ತುಂಬಿರುವ ಜಿಡ್ಡು ಗಚ್ಚಿನಂತೆ. ಈ ಗಚ್ಚಿನಲ್ಲಿ ಅರ್ಧದಷ್ಟು ಸೆರಾಮೈಡ್ ಎಂಬ ಕೊಬ್ಬು, ಉಳಿದದ್ದು ಬಹುಪಾಲು ಕೊಲೆಸ್ಟರಾಲ್ ಮತ್ತು ಕೊಬ್ಬಿನಾಮ್ಲಗಳು. ಕೋಶಗಳ ಒಳಗೆ ಯೂರಿಯಾ, ಲ್ಯಾಕ್ಟಿಕ್ ಆಮ್ಲ, ಅಮೈನೋ ಆಮ್ಲಗಳಂತಹ ವಸ್ತುಗಳಿದ್ದು, ಅವು ಉಪ್ಪು ಮಳೆಗಾಲದಲ್ಲಿ ತೇವ ಎಳೆದುಕೊಳ್ಳುವಂತೆ ನೀರನ್ನು ಹಿಡಿದಿಡುತ್ತವೆ. ಒಳಗಿನ ತೇವ ಈ ಗೋಡೆಯ ಮೂಲಕ ಸದಾ ಹೊರಗೆ ಜಿನುಗಿ ಆವಿಯಾಗುತ್ತಲೇ ಇರುತ್ತದೆ. ಬೆವರು ಬೇರೆ, ಇದು ಬೇರೆ. ಒಂದು ಹನಿಯೂ ಬೆವರದ ಚಳಿಗಾಲದ ದಿನದಲ್ಲಿಯೂ ವಯಸ್ಕರ ಚರ್ಮದಿಂದ ಹೀಗೆ ಸುಮಾರು 300ರಿಂದ 400 ಮಿಲಿಲೀಟರ್ ನೀರು ಕಾಣದಂತೆ ಹೋಗುತ್ತದೆ. ಗಚ್ಚು ಉದುರಿದ ಗೋಡೆಯಿಂದ ಹೋಗುವ ನೀರು ಇದಕ್ಕಿಂತ ಬಹಳ ಹೆಚ್ಚು. ಹೊರಪದರದಲ್ಲಿನ ನೀರಿನ ಪ್ರಮಾಣ ಶೇ 10ಕ್ಕಿಂತ ಕೆಳಗಿಳಿದಾಗ ಅದು ಬಾಗುವ ಗುಣ ಕಳೆದುಕೊಂಡು, ಹಪ್ಪಳದಂತೆ ಮುರಿಯುತ್ತದೆ.

ಶಾಲೆಯ ಮಕ್ಕಳು ಚಳಿಗಾಲದಲ್ಲಿ ಮೊಣಕಾಲಿನ ಕೆಳಗೆ ಕಡ್ಡಿಯಿಂದ ಗೀರಿ ತಮ್ಮ ಹೆಸರು ಬರೆದುಕೊಳ್ಳುವುದನ್ನು ಎಲ್ಲರೂ ನೋಡಿದ್ದೇವೆ. ಬಳಪದಿಂದ ಬರೆದಷ್ಟು ಬೆಳ್ಳಗೆ ಅಕ್ಷರ ಮೂಡುತ್ತದೆ, ಉಗುಳು ಹಚ್ಚಿ ಒರೆಸಿದರೆ ಮಾಯವಾಗುತ್ತದೆ. ಒಣಗಿದ ಕೋಶಗಳು ಅಂಚಿನಲ್ಲಿ ಎದ್ದು, ನಡುವೆ ಗಾಳಿ ಸೇರಿರುವುದರಿಂದ ಆ ಬಿಳುಪು ಕಾಣುತ್ತದೆ. ತೇವ ತಾಗಿದೊಡನೆ ಅವು ಮತ್ತೆ ಮಲಗುತ್ತವೆ. ತಾಯಂದಿರು ಅದನ್ನು ಕೊಳೆ ಎಂದು ತಿಳಿದು, ಮಗುವನ್ನು ಬಚ್ಚಲಿಗೆ ಎಳೆದೊಯ್ದು ಸೋಪು ಹಚ್ಚಿ ಕಲ್ಲಿನಿಂದ ತಿಕ್ಕುತ್ತಾರೆ. ಸಂಜೆಯ ಹೊತ್ತಿಗೆ ಬಿಳುಪು ಇನ್ನೂ ಹೆಚ್ಚಾಗಿರುತ್ತದೆ.

ಹಂಡೆಯಲ್ಲಿ ಕುದಿ ಬಂದ ನೀರು, ಬಿಳಿ ನೊರೆಯ ಸೋಪು, ಒರಟು ಕಲ್ಲು, ಇವು ಮೂರೂ ಸೇರಿದರೆ ಗಚ್ಚು ಉದುರುವುದಕ್ಕೆ ಬೇರೇನೂ ಬೇಕಿಲ್ಲ. ಆರೋಗ್ಯವಂತ ಚರ್ಮ ತುಸು ಹುಳಿ ಗುಣದ್ದು, ಹುಳಿ-ಕ್ಷಾರಗಳ ಅಳತೆಯಾದ ಪಿಎಚ್ ಅದರಲ್ಲಿ ಸುಮಾರು 5. ಸಾಮಾನ್ಯ ಸೋಪಿನದು 9ರಿಂದ 10. ಸೋಪಿನ ಕ್ಷಾರ ಗುಣವು ಸೆರಾಮೈಡ್ ತಯಾರಿಸುವ ಕಿಣ್ವಗಳ ಕೆಲಸವನ್ನು ಕೆಡಿಸುತ್ತದೆ, ಬಿಸಿ ನೀರು ಇದ್ದ ಜಿಡ್ಡನ್ನೂ ಕರಗಿಸಿ ಒಯ್ಯುತ್ತದೆ. ಇದರ ಮೇಲೆ ನಮ್ಮ ನೀರು ಬೇರೆ. ಶಹಾಬಾದ, ವಾಡಿ, ಸೇಡಂ ಸುತ್ತಲಿನ ನೆಲವೆಲ್ಲ ಸುಣ್ಣದಕಲ್ಲು. ಆ ಕಲ್ಲಿನಿಂದ ನಮ್ಮ ಮನೆಗಳ ನೆಲ ತಂಪಾಗಿದೆ, ಊರಿಗೆ ಸಿಮೆಂಟ್ ಕಾರ್ಖಾನೆ ಬಂದಿದೆ; ಅದೇ ಕಲ್ಲಿನ ಸಂದಿನಿಂದ ಬರುವ ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳೂ ತುಂಬಿವೆ. ಇಂತಹ ಗಡಸು ನೀರಿನಲ್ಲಿ ಸೋಪು ಸರಿಯಾಗಿ ನೊರೆ ಬರುವುದಿಲ್ಲ, ಬಂದರೂ ಪೂರ್ತಿ ತೊಳೆದು ಹೋಗುವುದಿಲ್ಲ. ಬಕೆಟ್ಟಿನ ಅಂಚಿಗೆ ಕೂರುವ ಬೂದು ಬಣ್ಣದ ಕೆನೆಯೇ ಮೈಯ ಮೇಲೂ ಕೂರುತ್ತದೆ. ಇದನ್ನು ಓದಿ ನೀರು ಮೆದುವಾಗಿಸುವ ದುಬಾರಿ ಯಂತ್ರ ತರಲು ಯಾರೂ ಓಡಬೇಕಾಗಿಲ್ಲ. ಬ್ರಿಟನ್ನಿನಲ್ಲಿ ಇಸುಬು ಇರುವ 336 ಮಕ್ಕಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಅಂತಹ ಯಂತ್ರವನ್ನು ಮನೆಗೆ ಕೂರಿಸಿದ ಮಕ್ಕಳಿಗೆ ಹೆಚ್ಚಿನ ಗುಣವೇನೂ ಕಾಣಲಿಲ್ಲ. ಸೋಪು ಕಡಿಮೆ ಮಾಡುವುದೇ ಅಗ್ಗದ ದಾರಿ. ಕಂಕುಳು, ತೊಡೆಸಂದು, ಪಾದ, ಕೊಳೆಯಾದ ಕೈ, ಇಷ್ಟಕ್ಕೆ ದಿನನಿತ್ಯ ಸೋಪು ಸಾಕು. ಕೈಕಾಲು ಬೆನ್ನುಗಳಿಗೆ ಉಗುರುಬೆಚ್ಚಗಿನ ನೀರೇ ಸಾಕು.

ಹವೆಯ ವಿಷಯವನ್ನು ನಮ್ಮ ಭಾಗದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಬೀದರಿನ ಎತ್ತರದ ನೆಲದಲ್ಲಿ ಚಳಿ ಚರ್ಮ ಸುಡುತ್ತದೆ, ಏಪ್ರಿಲ್ ಮೇ ತಿಂಗಳಲ್ಲಿ ಕಲಬುರಗಿ, ಯಾದಗಿರಿಗಳ ಬಿಸಿಗಾಳಿ ಸುಡುತ್ತದೆ. ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಿಗ್ಗೆ ಎಂಟಕ್ಕೆ ಬದಲಿಸಬೇಕಾಗುವ ಸೀಮೆ ನಮ್ಮದು. ಗಾಳಿ ಎಷ್ಟು ಒಣಗಿದ್ದರೆ ಅಷ್ಟು ವೇಗವಾಗಿ ಚರ್ಮದ ನೀರನ್ನು ಎಳೆದುಕೊಳ್ಳುತ್ತದೆ. ಒಂದು ಮಾತು ಮಾತ್ರ ಹೇಳಬೇಕು: ನೀರು ಹಾಕುವ ಕೂಲರ್ ಕೋಣೆಗೆ ತೇವ ಸೇರಿಸುತ್ತದೆ, ಎ.ಸಿ. ಇದ್ದ ತೇವವನ್ನೂ ತೆಗೆಯುತ್ತದೆ. ಹಗಲೆಲ್ಲ ಎ.ಸಿ. ಅಂಗಡಿಗಳಲ್ಲಿ ನಿಂತು ದುಡಿಯುವ ಹುಡುಗಿಯರು ಬೇಸಿಗೆಯಲ್ಲಿಯೂ ತುಟಿ ಒಡೆದಿದೆ ಎಂದು ಹೇಳುವುದಕ್ಕೆ ಕಾರಣ ಇದು.

ಇನ್ನು ನೀರು ಕುಡಿಯುವ ಮಾತು. ಬಿಸಿಲಿನಲ್ಲಿ ದುಡಿಯುವವರು ಧಾರಾಳವಾಗಿ ನೀರು, ಮಜ್ಜಿಗೆ ಕುಡಿಯಲೇಬೇಕು, ಇಲ್ಲವಾದರೆ ಜೀವಕ್ಕೇ ಅಪಾಯ. ಆದರೆ ಬಾಯಾರಿಕೆ ತೀರುವಷ್ಟು ಕುಡಿದವರು ಅದರ ಮೇಲೆ ಇನ್ನೂ ಎರಡು ಲೀಟರ್ ಕುಡಿದರೆ ಅದು ಮೂತ್ರವಾಗಿ ಹೋಗುತ್ತದೆಯೇ ಹೊರತು ಹಿಮ್ಮಡಿಗೆ ಇಳಿಯುವುದಿಲ್ಲ. ಸೋರುವ ಕೊಡಕ್ಕೆ ಮೇಲಿನಿಂದ ಎಷ್ಟು ಸುರಿದರೇನು, ತೂತು ಮುಚ್ಚಬೇಕು. ಪತ್ರಿಕೆಗಳ ಆರೋಗ್ಯ ಪುಟಗಳಲ್ಲಿ ಚರ್ಮದ ಕಾಂತಿಗೆ ಎಂಟು ಲೋಟ ನೀರು ಎಂಬ ಸಲಹೆ ಪ್ರತಿ ಚಳಿಗಾಲದಲ್ಲಿ ಬರುತ್ತದೆ. ಅದನ್ನು ನಂಬಿ ಬೇರೇನೂ ಮಾಡದೆ ಉಳಿಯುವವರನ್ನು ನಾನು ನೋಡಿದ್ದೇನೆ.

ತೂತು ಮುಚ್ಚುವ ಬಗೆಯನ್ನು ಈಗ ಹೇಳುತ್ತೇನೆ. ಕುಷ್ಠರೋಗವು ಕಾಲಿನ ನರಗಳನ್ನು ಕೆಡಿಸಿದಾಗ ಸ್ಪರ್ಶಜ್ಞಾನದ ಜೊತೆಗೆ ಬೆವರೂ ನಿಲ್ಲುತ್ತದೆ. ಅಂಗಾಲಿನಲ್ಲಿ ಎಣ್ಣೆ ಒಸರುವ ಗ್ರಂಥಿಗಳು ಯಾರಿಗೂ ಇಲ್ಲ, ಅಲ್ಲಿ ಇರುವುದು ಬೆವರಿನ ಗ್ರಂಥಿಗಳು ಮಾತ್ರ. ಅವೂ ನಿಂತರೆ ಪಾದಕ್ಕೆ ಸ್ವಂತ ತೇವವೇ ಉಳಿಯುವುದಿಲ್ಲ. ಅಂಥವರನ್ನು ವಾರಕ್ಕೊಮ್ಮೆ ಉಪಕೇಂದ್ರದ ಕಟ್ಟೆಯ ಮೇಲೆ ಸಾಲಾಗಿ ಕೂರಿಸಿ, ಪ್ಲಾಸ್ಟಿಕ್ ಬುಟ್ಟಿಗಳಲ್ಲಿ ತಣ್ಣೀರು ತುಂಬಿ ಇಪ್ಪತ್ತು ನಿಮಿಷ ಕಾಲು ಇಳಿಬಿಡಿಸುತ್ತಿದ್ದೆವು. ಕಟ್ಟಿಗೆಯಂತಿದ್ದ ಹಿಮ್ಮಡಿ ಅಷ್ಟು ಹೊತ್ತಿಗೆ ಬೆಳ್ಳಗಾಗಿ, ಹೆಬ್ಬೆರಳಿನಿಂದ ಒತ್ತಿದರೆ ತಗ್ಗು ಬೀಳುವಷ್ಟು ಮೆದುವಾಗಿರುತ್ತಿತ್ತು. ಆಗ ಒದ್ದೆ ಬಟ್ಟೆಯಿಂದ ಮೆಲ್ಲಗೆ ಉಜ್ಜಿ ಸತ್ತ ಪದರ ತೆಗೆದು, ನೀರು ತೊಟ್ಟಿಕ್ಕದಷ್ಟು ಮಾತ್ರ ಒರೆಸಿ, ಇನ್ನೂ ಹಸಿ ಇರುವಾಗಲೇ ಎಣ್ಣೆ ಇಲ್ಲವೇ ವ್ಯಾಸಲಿನ್ ಹಚ್ಚಬೇಕು. ಇದನ್ನು ಮನೆಯಲ್ಲಿ ದಿನಾಲೂ ತಪ್ಪದೆ ಮಾಡಿದವರ ಬಿರುಕುಗಳು ಮೂರು ನಾಲ್ಕು ವಾರಗಳಲ್ಲಿ ಕೂಡಿಕೊಳ್ಳುತ್ತಿದ್ದವು. ನೀರು ಬಿಟ್ಟು ಬರೀ ಎಣ್ಣೆ ಹಚ್ಚಿದವರ ಹಿಮ್ಮಡಿ ಹೊಳೆಯುತ್ತಿತ್ತು, ಆದರೆ ಒಡಕು ಹಾಗೆಯೇ ಉಳಿಯುತ್ತಿತ್ತು.

ಇದರ ಕಾರಣ ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಅಮೆರಿಕದ ಸಂಶೋಧಕ ಇರ್ವಿನ್ ಬ್ಲ್ಯಾಂಕ್ ಎಂಬವರು ಒಣಗಿ ಗಡುಸಾದ ಚರ್ಮದ ತುಣುಕುಗಳನ್ನು ಬಗೆಬಗೆಯ ಎಣ್ಣೆ ಮತ್ತು ಜಿಡ್ಡುಗಳಲ್ಲಿ ನೆನೆಸಿ ನೋಡಿದರು, ಅವು ಮೆದುವಾಗಲಿಲ್ಲ. ನೀರು ಸೋಕಿದಾಗ ಮಾತ್ರ ಬಾಗಿದವು. 1952ರಲ್ಲಿ ಅವರು ಪ್ರಕಟಿಸಿದ ಈ ಸಂಗತಿ ಇಂದಿಗೂ ಚರ್ಮಶಾಸ್ತ್ರದ ಬುನಾದಿ. ಚರ್ಮವನ್ನು ಮೆದುಗೊಳಿಸುವುದು ನೀರು. ಆ ನೀರು ಹಾರಿಹೋಗದಂತೆ ಮುಚ್ಚುವುದು ಎಣ್ಣೆಯ ಕೆಲಸ. ನಮ್ಮಲ್ಲಿ ದೀಪಾವಳಿಯ ಎಣ್ಣೆ ನೀರಾಗಲಿ, ಸಂಕ್ರಾಂತಿಯ ಎಳ್ಳು ಹಚ್ಚಿದ ಸ್ನಾನವಾಗಲಿ ಜಿಡ್ಡು ಮೊದಲು, ನೀರು ಆಮೇಲೆ. ಸೋಪಿನ ಪೆಟ್ಟು ತಡೆಯಲು ಅದೂ ಒಳ್ಳೆಯದೇ, ಹಬ್ಬದ ಪದ್ಧತಿಯನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಆದರೆ ನಿತ್ಯದ ಸ್ನಾನದಲ್ಲಿ ಕ್ರಮ ತಿರುವುಮುರುವಾಗಬೇಕು: ಮೈ ಒರೆಸಿದ ಎರಡು ಮೂರು ನಿಮಿಷಗಳೊಳಗೆ, ತೇವ ಇನ್ನೂ ಆರದಿರುವಾಗ, ಅಂಗೈಯಲ್ಲಿ ನಾಲ್ಕು ಹನಿ ಎಣ್ಣೆ ಹಾಕಿಕೊಂಡು ಕೈಕಾಲಿಗೆ ಸವರಬೇಕು.

ಯಾವ ಎಣ್ಣೆ ಎಂದು ಎಲ್ಲರೂ ಕೇಳುತ್ತಾರೆ. ನಮ್ಮ ಎರೆಹೊಲದಲ್ಲಿ ಹಿಂಗಾರಿಗೆ ಬೆಳೆಯುವ ಕುಸುಬೆಯನ್ನು ಇಲ್ಲಿ ನೆನೆಯಲೇಬೇಕು. ಜಾರ್ಜ್ ಬರ್ ಮತ್ತು ಮಿಲ್ಡ್ರೆಡ್ ಬರ್ ದಂಪತಿ 1929ರಲ್ಲಿ ಇಲಿಗಳಿಗೆ ಕೊಬ್ಬೇ ಇಲ್ಲದ ಆಹಾರ ಕೊಟ್ಟು ನೋಡಿದಾಗ ಅವುಗಳ ಚರ್ಮ ಹೊಟ್ಟೆದ್ದು, ಎಷ್ಟು ನೀರು ಕುಡಿದರೂ ಸಾಲದಂತಾಯಿತು. ಮೈಯ ನೀರೆಲ್ಲ ಚರ್ಮದಿಂದಲೇ ಸೋರುತ್ತಿತ್ತು. ಅವುಗಳಿಗೆ ಕೊರತೆಯಾಗಿದ್ದ ಮುಖ್ಯ ವಸ್ತು ಲಿನೋಲಿಕ್ ಆಮ್ಲ. ಚರ್ಮದ ಗಚ್ಚಿನಲ್ಲಿ ನೀರು ತಡೆಯುವ ಪ್ರಧಾನ ಸೆರಾಮೈಡ್ ಈ ಆಮ್ಲವನ್ನು ತನ್ನೊಳಗೆ ಸೇರಿಸಿಕೊಂಡೇ ತಯಾರಾಗುತ್ತದೆ, ನಮ್ಮ ದೇಹ ಅದನ್ನು ತಾನಾಗಿ ಮಾಡಿಕೊಳ್ಳಲಾರದು. ಸಾಂಪ್ರದಾಯಿಕ ಕುಸುಬೆ ಎಣ್ಣೆಯಲ್ಲಿ ಈ ಆಮ್ಲ ಶೇ 70ಕ್ಕಿಂತ ಹೆಚ್ಚಿದೆ. ಇದೇ ಆಮ್ಲ ಹೇರಳವಾಗಿರುವ ಸೂರ್ಯಕಾಂತಿ ಎಣ್ಣೆ ಚರ್ಮದ ತಡೆಗೋಡೆಯನ್ನು ಕಾಯುತ್ತದೆ ಎಂದು ಪರೀಕ್ಷೆಗಳು ತೋರಿಸಿವೆ. ದುಬಾರಿ ಬೆಲೆಯ ಆಲಿವ್ ಎಣ್ಣೆ ಅದನ್ನು ಕೆಡಿಸುತ್ತದೆ ಎಂದು 2013ರ ಬ್ರಿಟನ್ನಿನ ಅಧ್ಯಯನವೊಂದು ಹೇಳಿದೆ. ಕೊಬ್ಬರಿ ಎಣ್ಣೆಯೂ ಒಳ್ಳೆಯದು. ಆದ್ದರಿಂದ ಕೂಸಿಗೆಂದು ಆಲಿವ್ ಎಣ್ಣೆಯ ಶೀಷೆ ಹುಡುಕುತ್ತಾ ಅಲೆಯುವ ಅಜ್ಜಿಯರಿಗೆ ನನ್ನ ಬಿನ್ನಹವಿಷ್ಟೇ, ಅಡುಗೆಮನೆಯ ಎಣ್ಣೆಯನ್ನು ಕಡೆಗಣಿಸಬೇಡಿ. ಹುಟ್ಟಿದ ಮಗುವಿಗೆ ಮೊದಲ 24 ಗಂಟೆ ಸ್ನಾನ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವುದನ್ನೂ ಜೊತೆಗೇ ನೆನಪಿಸುತ್ತೇನೆ. ಮೈಮೇಲಿನ ಬಿಳಿ ಲೇಪ ಕೊಳೆಯಲ್ಲ, ಮಗು ತನ್ನೊಡನೆ ತಂದ ಮುಲಾಮು.

ಹಿಮ್ಮಡಿಯಂತಹ ದಪ್ಪ ಚರ್ಮಕ್ಕೆ ಎಣ್ಣೆಗಿಂತ ಪೆಟ್ರೋಲಿಯಂ ಜೆಲ್ಲಿ, ಅಂದರೆ ವ್ಯಾಸಲಿನ್, ಗಟ್ಟಿ. 1872ರಲ್ಲಿ ಪೇಟೆಂಟ್ ಪಡೆದ ಈ ಹಳೆಯ ವಸ್ತುವಿನಷ್ಟು ಚೆನ್ನಾಗಿ ನೀರನ್ನು ತಡೆಯುವ ಲೇಪ ಇಂದಿನ ಸಾವಿರ ರೂಪಾಯಿಯ ಡಬ್ಬಿಗಳಲ್ಲಿಯೂ ಅಪರೂಪ. ರಾತ್ರಿ ಕಾಲು ತೊಳೆದು, ಜೆಲ್ಲಿ ಹಚ್ಚಿ, ಹತ್ತಿಯ ಕಾಲುಚೀಲ ಹಾಕಿ ಮಲಗಿದರೆ ಬೆಳಗಿನವರೆಗೆ ತೇವ ಉಳಿಯುತ್ತದೆ. ಗ್ಲಿಸರಿನ್ ನೀರನ್ನು ಎಳೆದು ಹಿಡಿಯುವ ವಸ್ತು. ಅದನ್ನು ಹಾಗೆಯೇ ಬಳಿಯದೆ ನೀರು ಬೆರೆಸಿ ಹಚ್ಚಬೇಕು. ಯೂರಿಯಾ ಮುಲಾಮನ್ನು ವೈದ್ಯರು ಬರೆದುಕೊಟ್ಟಾಗ ನಮ್ಮ ರೈತರು ಬೆಚ್ಚಿಬೀಳುವುದುಂಟು. ಅದು ಚೀಲದಲ್ಲಿ ಬರುವ ಗೊಬ್ಬರದ್ದೇ ರಾಸಾಯನಿಕವಾದರೂ ಔಷಧಿಗೆಂದು ಶುದ್ಧಗೊಳಿಸಿದ್ದು, ನಮ್ಮ ಚರ್ಮದಲ್ಲಿ ಸಹಜವಾಗಿಯೇ ಇರುವಂಥದ್ದು. ಶೇ 5 ಮತ್ತು ಶೇ 10ರ ಯೂರಿಯಾ ಮುಲಾಮು ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಹೊಲದ ಗೊಬ್ಬರವನ್ನು ಕಲಸಿ ಹಚ್ಚಲು ಮಾತ್ರ ಯಾರೂ ಹೋಗಬಾರದು. ಇನ್ನು ಸ್ಟಿರಾಯ್ಡ್ ಮುಲಾಮುಗಳು ಇಸುಬಿನಂತಹ ರೋಗಗಳಿಗೆ ವೈದ್ಯರ ಕೈಯಲ್ಲಿ ಒಳ್ಳೆಯ ಔಷಧ. ಬರೀ ಒಣಗಿದ ಚರ್ಮಕ್ಕೆ ತಿಂಗಳುಗಟ್ಟಲೆ ಹಚ್ಚಿದರೆ ಅವು ಚರ್ಮವನ್ನೇ ತೆಳುವಾಗಿಸಿ ಗೋಡೆಯನ್ನು ಇನ್ನಷ್ಟು ಕೆಡಿಸುತ್ತವೆ. ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಕೇಂದ್ರ ಸರ್ಕಾರ 2018ರಲ್ಲಿಯೇ ಸೇರಿಸಿದ್ದರೂ ಆ ತಾಯಿಯ ಕೈಗೆ ಟ್ಯೂಬ್ ಬಂದದ್ದನ್ನು ನಾನು ಕಣ್ಣಾರೆ ಕಂಡೆ.

ಸಕ್ಕರೆ ಕಾಯಿಲೆಯೂ ಕುಷ್ಠರೋಗದಂತೆಯೇ ಕಾಲಿನ ನರಗಳನ್ನು ಕೆಡಿಸಿ ಬೆವರನ್ನೂ ಸ್ಪರ್ಶವನ್ನೂ ಕಸಿಯುತ್ತದೆ ಎಂಬುದು ನನ್ನ ಪತ್ರದ ಮುಖ್ಯ ಮಾತಿಗೆ ಬರಲು ಸೇತುವೆ. ನಾನು ಸೇವೆಯಲ್ಲಿದ್ದ ಕೊನೆಯ ವರ್ಷಗಳಲ್ಲಿ ಒಬ್ಬ ತಾಯಿ ಪ್ರತಿ ತಿಂಗಳು ನಮ್ಮ ಕೇಂದ್ರಕ್ಕೆ ಬಂದು ಸಕ್ಕರೆಯ ಮಾತ್ರೆ ಒಯ್ಯುತ್ತಿದ್ದರು. ಬೆರಳು ಚುಚ್ಚಿ ರಕ್ತ ನೋಡುತ್ತಿದ್ದೆವು, ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆವು, ಮಾತ್ರೆ ಎಣಿಸಿ ಕೊಡುತ್ತಿದ್ದೆವು. ಚಪ್ಪಲಿ ತೆಗೆಯಿರಿ ಎಂದು ನಾವು ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಒಂದು ಚಳಿಗಾಲ ಅವರು ಒಡೆದ ಹಿಮ್ಮಡಿಗೆ ಊರಿನ ರೂಢಿಯಂತೆ ಮೇಣ ಕಾಯಿಸಿ ತುಂಬಿಸಿಕೊಂಡರು. ಎಷ್ಟು ಬಿಸಿ ಇತ್ತೆಂಬುದು ಅವರ ಕಾಲಿಗೆ ತಿಳಿಯಲಿಲ್ಲ. ಬೊಬ್ಬೆ ಎದ್ದು ಒಡೆದು, ಒಳಗೊಳಗೇ ಕೀವಾಗಿ, ವಾಸನೆ ಬಂದ ಮೇಲೆ ಮನೆಯವರು ನೋಡಿದರು. ಆ ಕಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಕುಷ್ಠರೋಗಿಗಳ ಪಾದಗಳನ್ನು ಅಷ್ಟು ವರ್ಷ ಮುಟ್ಟಿ ನೋಡಿದ ನನ್ನ ಕೈ, ಈ ತಾಯಿಯ ಪಾದದ ಮಟ್ಟಿಗೆ ರಿಜಿಸ್ಟರಿನ ಮೇಲೆಯೇ ಉಳಿದಿತ್ತು.

ಸಕ್ಕರೆ ಕಾಯಿಲೆಯವರು ಪಾದವನ್ನು ಬಹಳ ಹೊತ್ತು ನೀರಿನಲ್ಲಿ ನೆನೆಸಬಾರದು; ಮೊಣಕೈಯಿಂದ ಮುಟ್ಟಿ ಪರೀಕ್ಷಿಸಿದ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಬೆರಳ ಸಂದುಗಳನ್ನು ಪೂರ್ತಿ ಒಣಗಿಸಿ, ಆ ಸಂದುಗಳನ್ನು ಬಿಟ್ಟು ಉಳಿದ ಪಾದಕ್ಕೆ ತೇವ ಆರುವ ಮೊದಲೇ ಮುಲಾಮು ಹಚ್ಚಬೇಕು. ಬ್ಲೇಡಿನಿಂದ ಕೆರೆಯಬಾರದು, ಮೇಣ ಕಾಯಿಸಿ ಹಾಕಬಾರದು. ರಕ್ತ ಬರುವ ಬಿರುಕು ಇದ್ದರೆ ಅದನ್ನು ಗಾಯವೆಂದೇ ತಿಳಿದು ವೈದ್ಯರಿಗೆ ತೋರಿಸಬೇಕು. ಕಲಬುರಗಿ, ಬೀದರ, ಯಾದಗಿರಿ ಈ ಮೂರೂ ಜಿಲ್ಲೆಗಳಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಸಕ್ಕರೆ ಇಲ್ಲದವರಲ್ಲಿಯೂ ಇಡೀ ಮೈ ಬಿಡದೆ ಒಣಗಿ ತುರಿಸುತ್ತಿದ್ದರೆ ಥೈರಾಯ್ಡ್ ಮತ್ತು ಮೂತ್ರಪಿಂಡಗಳನ್ನು ಪರೀಕ್ಷಿಸುವುದು ಒಳ್ಳೆಯದು. ಒಣಗಿದ ಜಾಗದಲ್ಲಿ ಮುಟ್ಟಿದ್ದು ತಿಳಿಯದಿದ್ದರೆ ಒಂದು ದಿನವೂ ತಡಮಾಡಬಾರದು, ಕುಷ್ಠರೋಗ ನಮ್ಮ ನಡುವಿನಿಂದ ಇನ್ನೂ ಪೂರ್ತಿ ಹೋಗಿಲ್ಲ.

ಆರೋಗ್ಯ ಇಲಾಖೆಯವರಲ್ಲಿ ತಮ್ಮ ಪತ್ರಿಕೆಯ ಮೂಲಕ ನನ್ನ ಕೋರಿಕೆ ದೊಡ್ಡದೇನಲ್ಲ. ಮೂವತ್ತು ದಾಟಿದವರ ಸಕ್ಕರೆ, ರಕ್ತದೊತ್ತಡ ನೋಡುವ ದಿನ ಪ್ರತಿ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಒಂದು ಗಿಡ್ಡ ಸ್ಟೂಲು ಇರಲಿ, ಅದರ ಮೇಲೆ ಸಕ್ಕರೆ ಕಾಯಿಲೆಯವರ ಬರಿಗಾಲು ಬರಲಿ, ನೋಡುವವರ ಕೈಯಲ್ಲಿ ಸ್ಪರ್ಶ ಪರೀಕ್ಷೆಗೆಂದು 10 ಗ್ರಾಂ ಒತ್ತಡಕ್ಕೆ ಬಾಗುವ ಮೊನೊಫಿಲಮೆಂಟ್ ಎಂಬ ನೈಲಾನ್ ಎಳೆ ಇರಲಿ. ಮಾತ್ರೆಯ ಜೊತೆಗೆ ಒಂದು ಡಬ್ಬಿ ಪೆಟ್ರೋಲಿಯಂ ಜೆಲ್ಲಿ ಕೊಡುವಂತಾಗಲಿ, ಅದನ್ನು ಯಾವಾಗ ಹೇಗೆ ಹಚ್ಚಬೇಕೆಂದು ಆಶಾ ಕಾರ್ಯಕರ್ತೆಯರು ಒಮ್ಮೆ ಮಾಡಿ ತೋರಿಸಲಿ. ಇದನ್ನು ಬೇಸಿಗೆಗೆ ಮುಂದೂಡದೆ, ರಾಶಿ ಮುಗಿಸಿ ಹೆಣ್ಣುಮಕ್ಕಳು ಮನೆಗೆ ಮರಳುವ ಈ ತಿಂಗಳಲ್ಲಿಯೇ ಆರಂಭಿಸಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಹಿರಿಯ ಆರೋಗ್ಯ ಸಹಾಯಕಿ,
ಕಲಬುರಗಿ